ಇಪ್ಪತ್ತು ನಿಮಿಷ ಸುಮ್ಮನೆ ಕೂರುವ ಪ್ರಾರ್ಥನೆ: ಬೋಟ್ ಮೆಕ್ಯಾನಿಕ್ ಒಬ್ಬನ ಅನುಭವ

ಮೌನ ಪ್ರಾರ್ಥನೆ ನಮ್ಮಂಥವರಿಗೆ ಆಗಿಬರುವುದಿಲ್ಲ ಅಂತ ನಮ್ಮ ಪ್ರಾರ್ಥನಾ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಅದೇನಿದ್ದರೂ ಕಾನ್ವೆಂಟಿನ ಸಿಸ್ಟರ್‌ಗಳಿಗೆ, ವಯಸ್ಸಾದ ಫಾದರ್‌ಗಳಿಗೆ ಎಂಬ ಲೆಕ್ಕ. ನನ್ನ ಹೆಂಡತಿಯ ಅಣ್ಣನೇ ಗುಂಪಿನ ಮುಂದಾಳು. "ಬಾಯಿ ಮುಚ್ಚಿಕೊಂಡು ಕೂತರೆ ಅದು ಪ್ರಾರ್ಥನೆ ಹೇಗೆ ಆಗತ್ತೆ ಮಾರಾಯಾ?" ಅಂತ ಭಾವ ಎಲ್ಲರೆದುರೇ ಕೇಳಿದ. ಅತ್ತೆಯದು ಇನ್ನೂ ನೇರ ಮಾತು: "ನಿದ್ದೆಗೆ ಹೊಸ ಹೆಸರು." ಈಗ ಅದೇ ಗುಂಪಿನ ಮೂರ್ನಾಲ್ಕು ಜನ ನಾನು ಪ್ರಾರ್ಥನೆಗೆ ಕೂರುವ ಬೆಂಚಿನ ಅಳತೆ ಕೇಳಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಜಪಸರ, ಆರಾಧನೆ, ಬೈಬಲ್ ಓದಿ ಧ್ಯಾನಿಸುವುದು ಇದೆಲ್ಲ ನಿಮಗೆ ಗೊತ್ತಿರುವುದೇ. ಒಂದು ಚಿಕ್ಕ ಪದವನ್ನು ಮನಸ್ಸಿನಲ್ಲೇ ಹಿಡಿದು ದೇವರ ಮುಂದೆ ಸುಮ್ಮನೆ ಕೂರುವ ಈ ಮೌನ ಪ್ರಾರ್ಥನೆಯನ್ನೂ ಕೇಳಿರುತ್ತೀರಿ. ಅದರ ಪಾಠ ನಾನು ಮಾಡುವುದಿಲ್ಲ. ಯಾವುದು ಕೈಕೊಟ್ಟಿತು, ಯಾವುದು ಹಿಡಿಯಿತು, ಅಷ್ಟೇ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. ಒಂದು ಧ್ಯಾನಕೂಟಕ್ಕೆ ಹೋಗಿದ್ದೆ, ಜಾಗದ ಹೆಸರು ಬೇಡ. ಫೀಸು, ಓಡಾಟ ಸೇರಿ ಏಳೆಂಟು ಸಾವಿರ ಆಯಿತು. ಕೆಲಸ ಬಿಟ್ಟಿದ್ದರಿಂದ ಅದರ ಎರಡರಷ್ಟು ಹೋಯಿತು. ಮೌನದ ಕೂಟ ಅಂತ ಬರೆದಿದ್ದರು. ಬೆಳಗಿನಿಂದ ರಾತ್ರಿವರೆಗೆ ಮೈಕು. ಊಟದ ಹೊತ್ತಿಗೂ ಮೈಕು. ಆಮೇಲೆ ಸದ್ದು ತಡೆಯುವ ಹೆಡ್‌ಫೋನ್ ತಂದೆ, ನಾಲ್ಕು ಸಾವಿರದ ಹತ್ತಿರ. ನನ್ನ ಕಿವಿ ಮೂವತ್ತು ವರ್ಷ ಡೀಸೆಲ್ ಇಂಜಿನ್ ಪಕ್ಕದಲ್ಲಿದ್ದ ಕಿವಿ. ಹೊರಗಿನ ಸದ್ದು ನಿಂತ ಕೂಡಲೇ ಒಳಗಿನ ಗುಂಯ್ ಜೋರಾಯಿತು. ಹೆಡ್‌ಫೋನ್ ಮಗನ ಪಾಲಾಯಿತು. ಆಮೇಲೆ ಬೆಂಚು. ಮಂಡಿಯೂರಿ, ಕಾಲುಗಳನ್ನು ಅಡಿಯಲ್ಲಿ ಬಿಟ್ಟು ಕೂರುವ ಗಿಡ್ಡ ಬೆಂಚು. ಶಿರಸಿಯಲ್ಲಿ ಹಲಸಿನ ಮರದಲ್ಲಿ ಮಾಡಿಸಿದೆ. ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ನೋಡಲು ಚೆಂದ, ಆದರೆ ಸೀಟು ಸಪಾಟು. ಹತ್ತು ನಿಮಿಷಕ್ಕೆ ಪಾದ ಜೋಮು ಹಿಡಿಯುತ್ತಿತ್ತು. ಅದರ ಮೇಲೆ ಈಗ ಹೆಂಡತಿ ತುಳಸಿ ಪಾಟು ಇಟ್ಟಿದ್ದಾಳೆ.

ಎರಡನೆಯದನ್ನು ನಾನೇ ಮಾಡಿದೆ, ಒಡೆಯಲು ಹಾಕಿದ್ದ ಬೋಟಿನ ಹಲಗೆಯಲ್ಲಿ. ಖರ್ಚು ಸೊನ್ನೆ. ಸೀಟು ಸುಮಾರು 18 ಇಂಚು ಉದ್ದ, ಆರೂವರೆ ಅಗಲ. ಹಿಂದಿನ ಎತ್ತರ ಎಂಟೂವರೆ, ಮುಂದಿನದು ಏಳು. ಈ ಒಂದೂವರೆ ಇಂಚಿನ ಇಳಿಜಾರೇ ಮುಖ್ಯ. ಸೊಂಟ ತಾನಾಗಿ ಮುಂದೆ ಬಾಗುತ್ತದೆ, ಬೆನ್ನು ನೆಟ್ಟಗೆ ನಿಲ್ಲುತ್ತದೆ. ಮುಂದಿನ ಅಂಚನ್ನು ಉಜ್ಜಿ ಗುಂಡಗೆ ಮಾಡಿ, ಇಲ್ಲದಿದ್ದರೆ ತೊಡೆಗೆ ಒತ್ತುತ್ತದೆ.

ಜಾಗದ ಹುಡುಕಾಟವೂ ಆಯಿತು. ಕಾರವಾರದಲ್ಲಿ ಇದ್ದಮೇಲೆ ಕಡಲ ದಂಡೆ ಬಿಟ್ಟು ಬೇರೆ ಎಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಬೆಳಿಗ್ಗೆ ಬೀಚಿಗೆ ಹೋಗಿ ಕೂತೆ. ಬೈತಖೋಲ ಮೀನುಗಾರಿಕಾ ಬಂದರಿನಿಂದ ಬೋಟು ಹೊರಡುವ ಹೊತ್ತು. ಕಣ್ಣು ಮುಚ್ಚಿದರೂ ಕಿವಿ ಬಿಡಬೇಕಲ್ಲ. ಇದರ ನಾಜಲ್ ಹೋಗಿದೆ, ಅದು ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಇದು ಹೋದ ತಿಂಗಳು ನಾನೇ ಕಟ್ಟಿದ ಇಂಜಿನ್, ದುಡ್ಡು ಇನ್ನೂ ಬಂದಿಲ್ಲ. ಇಪ್ಪತ್ತು ನಿಮಿಷದಲ್ಲಿ ಅರ್ಧ ಬಂದರಿನ ರಿಪೇರಿ ತಲೆಯೊಳಗೇ ಮುಗಿಯುತ್ತಿತ್ತು.

ಸದ್ದಿನ ಬಗ್ಗೆ ತಲೆಕೆಡಿಸಿಕೊಳ್ಳುವುದು ಬಿಟ್ಟಿದ್ದು ಶಿರಸಿಯಲ್ಲಿ. ಹೆಂಡತಿಯ ತವರು ಅಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ನಡೆಯುತ್ತಿತ್ತು. ನಮಗೆ ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಜಾತ್ರೆ ನಡೆಯುವ ಬಿಡಕಿಬೈಲಿನ ಕಡೆಯಿಂದ ಡೋಲು, ನಾಟಕದ ಮೈಕು, ತೊಟ್ಟಿಲಿನ ಗಿರಗಿರ ಎಲ್ಲ ಒಟ್ಟಿಗೆ ಬರುತ್ತಿತ್ತು. ಹಟಕ್ಕೆ ಕೂತೆ. ಆ ಸದ್ದಿನಲ್ಲಿ ಎಷ್ಟು ಸಲೀಸಾಗಿ ಹೋಯಿತು ಅಂದರೆ ನನಗೇ ಆಶ್ಚರ್ಯ. ಅಲ್ಲಿನ ಗಲಾಟೆಯಲ್ಲಿ ನನಗೆ ಸಂಬಂಧಪಟ್ಟಿದ್ದು ಏನೂ ಇರಲಿಲ್ಲ. ಬಂದರಿನ ಸದ್ದಿನಲ್ಲಿ ನನ್ನ ಸಿಟ್ಟು, ನನ್ನ ಬಾಕಿ, ನನ್ನ ಹೆಸರು ಎಲ್ಲ ಸೇರಿತ್ತು. ಅಲ್ಲಿಂದ ಮುಂದೆ ಮನೆಯ ಹಿಂದಿನ ಕೋಣೆಯೇ ಸಾಕಾಯಿತು. ಪಕ್ಕದ ಮನೆಯ ಮಿಕ್ಸರ್ ಇದ್ದರೂ ನಡೆಯುತ್ತದೆ.

ಭಾವನ ದೊಡ್ಡ ಆಕ್ಷೇಪ ಬೇರೆ ಇತ್ತು: ಇದು ನಮ್ಮದಲ್ಲ, ಯೋಗದಿಂದ ಬಂದಿದ್ದು. 1989ರಲ್ಲಿ ವ್ಯಾಟಿಕನ್ ಧ್ಯಾನದ ಬಗ್ಗೆ ಹೊರಡಿಸಿದ ಪತ್ರವನ್ನೂ ತಂದು ತೋರಿಸಿದ. ಆಮೇಲೆ 16ನೇ ಬೆನೆಡಿಕ್ಟ್ ಪೋಪ್ ಆದ ರಾಟ್ಜಿಂಗರ್ ಸಹಿ ಹಾಕಿದ ಪತ್ರ ಅದು. ಭಾವ ತೋರಿಸಿದ್ದಕ್ಕೇ ನಾನು ಪೂರ್ತಿ ಓದಿದೆ. ಎಚ್ಚರಿಕೆಗಳು ಇವೆ, ನಿಜ. ಮೈ ಹಗುರಾಗಿ ಮನಸ್ಸು ತಣ್ಣಗಾದದ್ದನ್ನೇ ಪವಿತ್ರಾತ್ಮರು ಕೊಟ್ಟ ಸಮಾಧಾನ ಅಂದುಕೊಳ್ಳಬೇಡಿ ಅಂತ ಅದರಲ್ಲಿದೆ. ಅದು ನನ್ನ ಕೆಲಸಕ್ಕೇ ಬಂತು, ಮುಂದೆ ಹೇಳುತ್ತೇನೆ. ಜಾನ್ ಮೇನ್ ಎಂಬ ಬೆನೆಡಿಕ್ಟೈನ್ ಸಂನ್ಯಾಸಿಯ ಕಥೆಯನ್ನು ನಾನು ಭಾವನಿಗೆ ತಿರುಗಿ ಹೇಳಿದೆ. ಅವರು 1950ರ ದಶಕದಲ್ಲಿ ಮಲಯದಲ್ಲಿ, ಅಂದರೆ ಈಗಿನ ಮಲೇಷ್ಯಾದಲ್ಲಿ, ಸರ್ಕಾರಿ ಕೆಲಸದಲ್ಲಿದ್ದಾಗ ಸ್ವಾಮಿ ಸತ್ಯಾನಂದ ಎಂಬವರಿಂದ ಈ ರೀತಿ ಕಲಿತರು. ಮಠ ಸೇರಿದಾಗ ಅಲ್ಲಿಯವರು ಬಿಡಿಸಿದರು. ಎಷ್ಟೋ ವರ್ಷ ಕಳೆದು ಕ್ಯಾಸಿಯನ್ ಎಂಬ ಹಳೆಯ ಕಾಲದ ಸಂನ್ಯಾಸಿಯ ಬರಹ ಓದುವಾಗ, 5ನೇ ಶತಮಾನದ ಆರಂಭದ ಆ ಬರಹದಲ್ಲೇ ಅದು ಸಿಕ್ಕಿತು. ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳು ಬೈಬಲಿನ 70ನೇ ಕೀರ್ತನೆಯ ಮೊದಲ ಸಾಲನ್ನೇ ಹಿಡಿದು ದಿನವಿಡೀ ಹೇಳಿಕೊಳ್ಳುತ್ತಿದ್ದರಂತೆ. ಭಾವ ಒಪ್ಪಲಿಲ್ಲ. ವಾದ ಮಾತ್ರ ನಿಲ್ಲಿಸಿದ.

ಹಿಡಿದ ಕ್ರಮ ಇಷ್ಟು. ಬೆಳಿಗ್ಗೆ ಐದರ ಆಸುಪಾಸು ಇಪ್ಪತ್ತು ನಿಮಿಷ. ಸಂಜೆ ಬಂದರಿನಿಂದ ಬಂದು, ಕೈಯ ಗ್ರೀಸ್ ಸೋಪಿನ ಪುಡಿಯಲ್ಲಿ ತಿಕ್ಕಿ ತೊಳೆದು, ಚಹಾಕ್ಕೂ ಮೊದಲು ಮತ್ತೆ ಇಪ್ಪತ್ತು. ಎರಡನೆಯದೇ ಗುಟ್ಟು. ಬೆಳಿಗ್ಗೆ ಒಂದೇ ಹೊತ್ತು ಕೂತಷ್ಟು ಕಾಲ, ಎರಡು ವರ್ಷಕ್ಕೂ ಜಾಸ್ತಿ, ಏನೂ ಹಿಡಿಯಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಸ್ಪೆನ್ಸರ್ ಮಠದ ಟ್ರಾಪಿಸ್ಟ್ ಸಂನ್ಯಾಸಿಗಳು, ಮೆನಿಂಗರ್, ಪೆನಿಂಗ್ಟನ್, ಕೀಟಿಂಗ್ ಮೂವರೂ ಇದನ್ನು ಜನರಿಗೆ ಕಲಿಸಲು ಹೊರಟಾಗ ದಿನಕ್ಕೆ ಎರಡು ಸಲ ಅಂತ ಇಟ್ಟಿದ್ದು ಸುಮ್ನೆ ಅಲ್ಲ. ಹಗಲಿಡೀ ಮೈಯೊಳಗೆ ಸೇರಿದ ಜಗಳವನ್ನು ರಾತ್ರಿಯೂಟದ ತಟ್ಟೆಯ ಮುಂದೆ ಒಯ್ಯುವ ಮೊದಲೇ ಅದು ಇಳಿಯಬೇಕು.

ಯೋಚನೆ ಬಂದರೆ ಓಡಿಸಬೇಡಿ. ಪದಕ್ಕೆ ಮೆತ್ತಗೆ ವಾಪಸ್ ಬನ್ನಿ. ಇದು ಎಲ್ಲರೂ ಹೇಳುವ ಮಾತು. ನಾನು ಸೇರಿಸುವುದು ಒಂದೇ: ಕೂತಾಗ ಲೆಕ್ಕ ನೋಡಬೇಡಿ. ಈಗ ಶಾಂತಿ ಬಂತಾ, ಎಷ್ಟು ಬಂತು, ನಿನ್ನೆಗಿಂತ ಜಾಸ್ತಿಯಾ ಅಂತ ನೋಡುತ್ತಿದ್ದರೆ ಮುಗಿಯಿತು. ಇಂಜಿನ್ ಓಡುತ್ತಿರುವಾಗ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಲೆವೆಲ್ ಸರಿ ತೋರಿಸುವುದಿಲ್ಲ. ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಆ ಪತ್ರದ ಎಚ್ಚರಿಕೆ ನನಗೆ ಅರ್ಥವಾದದ್ದು ಹೀಗೆ. ನೋಡಬೇಕಾದ ಜಾಗ ವರ್ಕ್‌ಶಾಪು. ಮೊದಲು ನನ್ನ ಬೈಗುಳ ತಡೆಯಲಾರದೆ ಹುಡುಗರು ಒಂದು ಸೀಸನ್ ಕೂಡ ನಿಲ್ಲುತ್ತಿರಲಿಲ್ಲ. ಈಗ ಅದೇ ಇಬ್ಬರು ಮೂರನೇ ಸೀಸನ್‌ನಲ್ಲಿದ್ದಾರೆ, ಸಂಬಳ ಅಂಥಾ ಏನೂ ಏರಿಸಿಲ್ಲ. ಬೋಟಿನವರ ಬಾಕಿ ಒಂದೂವರೆ ಲಕ್ಷದ ಮೇಲಿದೆ. ರಾತ್ರಿ ಎರಡು ಗಂಟೆಗೆ ಎದ್ದು ಅವರ ಜೊತೆ ತಲೆಯೊಳಗೆ ಜಗಳ ಆಡುತ್ತಿದ್ದೆ. ಆ ಜಗಳ ನಿಂತಿದೆ. ಬಾಕಿ ಬಂದಿಲ್ಲ.

ನನ್ನ ಪದ ಯಾವುದು ಅಂತ ಕೇಳಬೇಡಿ, ಅದನ್ನು ಹೆಂಡತಿಗೂ ಹೇಳಿಲ್ಲ. ಅಲಾರಂ ಇಲ್ಲದೆ ಇಪ್ಪತ್ತು ನಿಮಿಷ ತಿಳಿಯಲು ಒಂದು ಉಪಾಯ ಇದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆವಿಲಾದ ಸಂತ ತೆರೇಸಾ ಕೂಡ ಒಂದು ಕಾಲಕ್ಕೆ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಗಡಿಯಾರದ ಸದ್ದಿಗೇ ಕಾಯುತ್ತಿದ್ದರು ಅಂತ ಅವರೇ ಬರೆದುಕೊಂಡಿದ್ದಾರೆ. ಹಾಗಾಗಿ ಸಮಯ ನೋಡಬೇಕು ಅನಿಸಿದರೆ ನಾಚಿಕೆ ಬೇಡ.

ನಡುವೆ ಒಂದು ಪ್ರಯೋಗ ಮಾಡಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳ ಮೀನುಗಾರಿಕೆ ಬಂದ್, ನಮಗೆ ಮಾತ್ರ ಉಸಿರಾಡಲು ಪುರುಸೊತ್ತಿಲ್ಲ. ಎಲ್ಲ ಬೋಟಿನ ಇಂಜಿನ್ ಬಿಚ್ಚುವುದು ಆಗಲೇ. ವಾಲ್ವ್ ಲ್ಯಾಪಿಂಗ್ ಅಂದರೆ ಇಂಜಿನ್ನಿನ ವಾಲ್ವ್ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವಂತೆ ಉಜ್ಜುವ ಕೆಲಸ: ಪೇಸ್ಟ್ ಹಚ್ಚಿ, ಕೋಲನ್ನು ಎರಡು ಅಂಗೈ ನಡುವೆ ಹಿಂದೆ ಮುಂದೆ ತಿರುಗಿಸುವುದು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಹೇಳುವ ಯೇಸುವಿನ ಪ್ರಾರ್ಥನೆಯನ್ನು ಅದಕ್ಕೆ ಹೊಂದಿಸಿದೆ. ಬಲಕ್ಕೆ ತಿರುಗಿಸುವಾಗ "ಕರ್ತನಾದ ಯೇಸು ಕ್ರಿಸ್ತನೇ", ಎಡಕ್ಕೆ "ನನ್ನನ್ನು ಕರುಣಿಸು". ಪೇಸ್ಟಿನ ಕರಕರ ಸದ್ದು ಸಣ್ಣಗಾಗುತ್ತಾ ಹೋಗಿ, ಸೀಟಿನ ಸುತ್ತ ಬೂದು ಬಣ್ಣದ ಗೆರೆ ಒಂದೇ ಸಮ ಮೂಡುವಾಗ ವಾಲ್ವ್ ಮುಗಿಯಿತು ಅಂತ ಲೆಕ್ಕ. 17ನೇ ಶತಮಾನದ ಪ್ಯಾರಿಸ್‌ನಲ್ಲಿ ಬ್ರದರ್ ಲಾರೆನ್ಸ್ ಮಠದ ಅಡುಗೆಮನೆಯ ಗದ್ದಲದಲ್ಲೇ ದೇವರ ಜೊತೆ ಇದ್ದರಲ್ಲ, ನನಗೂ ಆಯಿತು ಅಂತ ಖುಷಿ. ಆದರೆ ಕಷ್ಟದ ಕೆಲಸ ಬಂದ ಕೂಡಲೇ ತಪ್ಪುತ್ತದೆ. ಇಂಜೆಕ್ಷನ್ ಪಂಪಿನ ಟೈಮಿಂಗ್ ಸೆಟ್ ಮಾಡುವಾಗ ಯಾರಿಂದಲೂ ಆಗುವುದಿಲ್ಲ. ಕೂರುವ ಪ್ರಾರ್ಥನೆಗೆ ಇದು ಬದಲಿ ಆಗಲಿಲ್ಲ, ಒಳ್ಳೆಯ ಜೊತೆ ಆಯಿತು. ಆ ಎರಡು ತಿಂಗಳು ಸಂಜೆಯ ಇಪ್ಪತ್ತು ನಿಮಿಷವನ್ನು ಬಿಚ್ಚಿದ ಇಂಜಿನ್ ಪಕ್ಕದಲ್ಲಿ ಮೀನಿನ ಕ್ರೇಟ್ ಬೋರಲು ಹಾಕಿ ಕೂತೇ ಮುಗಿಸುತ್ತೇನೆ. ಹುಡುಗರು ಆ ಹೊತ್ತಿಗೆ ಚಹಾಕ್ಕೆ ಹೋಗುತ್ತಾರೆ. ಯಾರಾದರೂ ತಾಂಡೇಲ, ಅಂದರೆ ಬೋಟ್ ನಡೆಸುವವರು, ಬಂದರೆ ಅವರೇ ಹೊರಗೆ ನಿಲ್ಲಿಸುತ್ತಾರೆ.

ಬೆಂಚು ಬೇಕಾದವರು ಮಳೆಗಾಲ ಮುಗಿದ ಮೇಲೆ ಕೇಳಿ, ಒದ್ದೆ ಹಲಗೆ ಆಮೇಲೆ ಸೊಟ್ಟಗಾಗುತ್ತದೆ. ಮರದ ಖರ್ಚು ಮಾತ್ರ ತೆಗೆದುಕೊಳ್ಳುತ್ತೇನೆ. ಮೊನ್ನೆ ಭಾವನೂ ಒಂದು ಬೇಕು ಅಂದ. ಅವನ ಮಂಡಿ ಸರಿ ಇಲ್ಲ, ಅವನಿಗೆ ಕೈ ಇಲ್ಲದ ಪ್ಲಾಸ್ಟಿಕ್ ಕುರ್ಚಿಯೇ ಸಾಕು ಅಂತ ಹೇಳಿ ಕಳಿಸಿದ್ದೇನೆ.