ಅಂಟಿಲ್ಲದ ಮಟ್ಟೆ ಹಲಗೆ: ಅರಸೀಕೆರೆಯಲ್ಲಿ ನಾನು ಮಾಡಿದ್ದು

ತೆಂಗಿನಕಾಯಿ ಸುಲಿದಾಗ ಬರುವ ಮಟ್ಟೆಯಿಂದ ಅಂಟು ಹಾಕದೆ ಹಲಗೆ ಆಗುತ್ತೆ. ಆಗಲ್ಲ ಅಂದವರೇ ಜಾಸ್ತಿ. ನಾರಿನ ಫ್ಯಾಕ್ಟರಿಯವರು ಅಂದರು, ಹಾಸನದ ಬಡಗಿಗಳು ಅಂದರು, ನಮ್ಮ ಭಾವ ಅಂತೂ ಊಟಕ್ಕೆ ಕೂತಾಗಲೆಲ್ಲ ಅಂದರು. ಈಗ ನನ್ನ ಶೆಡ್ಡಿನಿಂದ ತಿಂಗಳಿಗೆ ಆರುನೂರು ಚಿಲ್ಲರೆ ಹಲಗೆ ಹೊರಗೆ ಹೋಗುತ್ತಿವೆ. ಆ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ. ಮಟ್ಟೆಯನ್ನು ಪುಡಿ ಮಾಡಿ, ಹೈಡ್ರಾಲಿಕ್ ಪ್ರೆಸ್ ಅನ್ನುವ ಒತ್ತುವ ಯಂತ್ರದಲ್ಲಿ ಬಿಸಿ ಪ್ಲೇಟುಗಳ ನಡುವೆ ಅದುಮುವುದು, ಕೆಲಸ ಇಷ್ಟೇ.

ನಮ್ಮ ಕಡೆ ಉಂಡೆ ಕೊಬ್ಬರಿಗೆ ಅಂತ ಕಾಯಿ ವರ್ಷದ ಹತ್ತಿರ ಅಟ್ಟದಲ್ಲೇ ಇರುತ್ತೆ. ಸುಲಿಯುವ ಹೊತ್ತಿಗೆ ಮಟ್ಟೆ ಚೆನ್ನಾಗಿ ಒಣಗಿರುತ್ತೆ. ಬಹಳಷ್ಟು ಒಲೆಗೋ ಇಟ್ಟಿಗೆ ಗೂಡಿಗೋ ಹೋಗುತ್ತೆ. ಕೊಬ್ಬರಿ ಸುಲಿಯುವ ಮನೆಗಳಿಂದ ಟ್ರ್ಯಾಕ್ಟರ್ ಲೋಡ್‌ಗೆ ಇಷ್ಟು ಅಂತ ಮಾತಾಡಿಕೊಂಡೆ. ಸಾಗಾಣಿಕೆ ಸೇರಿ ಕೆ.ಜಿ.ಗೆ ಎರಡು, ಎರಡೂವರೆ ರೂಪಾಯಿ ಬೀಳುತ್ತಿತ್ತು. ಈಗ ಜಾಸ್ತಿ ಕೇಳುತ್ತಾರೆ, ನಾನು ಏನೋ ಮಾಡುತ್ತಿದ್ದೇನೆ ಅಂತ ಗೊತ್ತಾಗಿದೆಯಲ್ಲ!

ಮೊದಲು ಎಲ್ಲರ ಹಾಗೆ, ಪ್ಲೈವುಡ್‌ಗೆ ಹಾಕುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ತಂದೆ. ಹಲಗೆ ಆಯ್ತು, ನೋಡೋಕೂ ಚೆನ್ನಾಗಿತ್ತು. ಆದರೆ ಪ್ರೆಸ್ ತೆಗೆದಾಗ ಕಣ್ಣು ಬಿಡೋಕೆ ಆಗುತ್ತಿರಲಿಲ್ಲ, ಕೆಲಸದ ಹುಡುಗರು ಎರಡು ದಿನ ಬಂದು ಮೂರನೇ ದಿನ ಕೈಕೊಡುತ್ತಿದ್ದರು. ಅಂಟಿನ ಖರ್ಚು ಮಟ್ಟೆಯ ಖರ್ಚಿನ ನಾಲ್ಕು ಪಟ್ಟು. ಮಳೆಗಾಲದಲ್ಲಿ ಅಂಚು ಉಬ್ಬಿ ಅರ್ಧ ಸರಕು ವಾಪಸ್ ಬಂತು. ಸುಮಾರು ಎಂಬತ್ತು ಸಾವಿರ ಅಲ್ಲೇ ಹೋಯ್ತು.

ಫೋಟೋ ಫ್ರೇಮಿನ ಹಿಂದೆ ಹೊಡೆಯುವ ಕಂದು ಹಾರ್ಡ್‌ಬೋರ್ಡ್ ಇದೆಯಲ್ಲ, ಅದಕ್ಕೆ ದಾರಿ ಹಾಕಿದವನು ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದ ಲಾರೆಲ್ ಊರಿನ ವಿಲಿಯಂ ಮೇಸನ್. 1924ರ ಮಾತು. ಸಾಮಿಲ್ಲಿನ ಚೂರನ್ನು ಹಬೆಯಲ್ಲಿ ಸಿಡಿಸಿ ನಾರು ಮಾಡಿ, ಶಾಖ ತಡೆಯುವ ಹಗುರ ಹಲಗೆ ಮಾಡಲು ಹೊರಟಿದ್ದ. ಪ್ರೆಸ್ ಹಾಗೇ ಬಿಟ್ಟು ಊಟಕ್ಕೆ ಹೋದಾಗ ವಾಲ್ವ್ ಸೋರಿ ಹಬೆ ನುಗ್ಗುತ್ತಲೇ ಇತ್ತು, ಬಂದು ನೋಡಿದರೆ ಗಟ್ಟಿ ಹಲಗೆ ಆಗಿತ್ತು ಅಂತ ಕಥೆ ಹೇಳುತ್ತಾರೆ. ಅಲ್ಲಿ ಅಂಟಿನ ಕೆಲಸ ಮಾಡಿದ್ದು ಲಿಗ್ನಿನ್, ಅಂದರೆ ಮರದೊಳಗೇ ಇದ್ದು ನಾರನ್ನು ಹಿಡಿದಿಡುವ ಪದಾರ್ಥ. ನಮ್ಮ ತೆಂಗಿನ ನಾರಿನಲ್ಲಿ ಲಿಗ್ನಿನ್ ಶೇ 40ರ ಆಸುಪಾಸು ಇದೆ, ಮರಕ್ಕಿಂತ ಜಾಸ್ತಿ. ಮತ್ತೆ ಹೊರಗಿನ ಅಂಟು ಯಾಕೆ?

ಹಾಗಂತ ಒಳ್ಳೆ ನಾರು ಆರಿಸಿ ಒತ್ತಿದೆ. ಹಿಡಿಯಲೇ ಇಲ್ಲ. ಕೈಯಲ್ಲಿ ಎತ್ತಿದರೆ ಪದರ ಪದರ ಬಿಚ್ಚಿಕೊಂಡಿತು. ಫ್ಯಾಕ್ಟರಿಯವರು ಜರಡಿ ಹಿಡಿದು ತೆಗೆಯುವ ಪುಡಿಯನ್ನು ಹಾಗೇ ಬಿಟ್ಟು, ಇಡೀ ಮಟ್ಟೆ ಅರೆದಾಗಲೇ ಹಲಗೆ ಹಲಗೆಯಂತೆ ಆಗಿದ್ದು. ಬಿಸಿಗೆ ಮೆತ್ತಗಾಗಿ ನಾರಿನ ಸಂದು ತುಂಬುವುದು ಆ ಪುಡಿಯೇ. ಜಜ್ಜಿ ಪುಡಿ ಮಾಡುವ ಹ್ಯಾಮರ್ ಮಿಲ್ಲಿಗೆ ಇಡೀ ಮಟ್ಟೆ ಕೊಡಬೇಡಿ, ನಾರು ಶಾಫ್ಟಿಗೆ ಸುತ್ತಿಕೊಂಡು ಬೇರಿಂಗ್ ಹೋಗುತ್ತೆ. ಮೇವು ಕತ್ತರಿಸುವ ಯಂತ್ರದಲ್ಲಿ ಮೊದಲು ತುಂಡು ಮಾಡಿ, ಆಮೇಲೆ ಆರು ಎಂ.ಎಂ. ಜಾಲರಿ ಹಾಕಿದ ಮಿಲ್ಲಿಗೆ ಕೊಡಿ.

ಪ್ರೆಸ್ ವಿಷಯ. ಬೆಂಗಳೂರಿನ ಪೀಣ್ಯದಲ್ಲಿ ನೂರು ಟನ್ನಿನ ಹಳೇ ಪ್ರೆಸ್ ಸಿಕ್ಕಿತು, ಒಂದು ಲಕ್ಷದ ಎಂಬತ್ತಕ್ಕೋ ತೊಂಬತ್ತಕ್ಕೋ. ಎರಡಡಿ ಚೌಕದ ಹಲಗೆ ಒತ್ತಿದರೆ ಚದರ ಸೆಂಟಿಮೀಟರ್‌ಗೆ ಇಪ್ಪತ್ತೇಳು ಕೆ.ಜಿ. ಅಷ್ಟೇ. ಏನೇನೂ ಸಾಲದು. ದೊಡ್ಡ ಪ್ರೆಸ್‌ಗೆ ದುಡ್ಡಿಲ್ಲ. ಅಳತೆಯನ್ನೇ ಒಂದಡಿಗೆ ಇಳಿಸಿದೆ, ಒತ್ತಡ ನೂರು ದಾಟಿತು. ಒಂದಡಿ ಹಲಗೆ ಇಟ್ಕೊಂಡು ಏನ್ ಮಾಡ್ತೀಯಪ್ಪ ಅಂತ ಭಾವ ನಕ್ಕರು. ಅದಕ್ಕೆ ಉತ್ತರ ಆಮೇಲೆ ಸಿಕ್ಕಿತು.

ನಿಜವಾಗಿ ಸತಾಯಿಸಿದ್ದು ನೀರು. ಪುಡಿಯಲ್ಲಿ ತೇವ ಶೇ 14 ದಾಟಿದರೆ, ಪ್ರೆಸ್ ಬಿಟ್ಟ ಕ್ಷಣ ಒಳಗಿನ ಹಬೆ ಢಬ್ ಅಂತ ಹಲಗೆಯನ್ನು ಸೀಳುತ್ತೆ. ಒಮ್ಮೆ ಬಿಸಿ ಪುಡಿ ತಗಡಿನ ಸೂರಿಗೆ ಹೊಡೆದು ಅಂಟಿಕೊಂಡಿತ್ತು, ಎದುರಿಗೆ ಯಾರೂ ನಿಂತಿರಲಿಲ್ಲ, ಪುಣ್ಯ. ತೀರಾ ಒಣಗಿಸಿದರೆ ಲಿಗ್ನಿನ್ ಮೆತ್ತಗಾಗದು, ಅಂಚು ಉದುರುತ್ತೆ. ಎಂಟರಿಂದ ಹತ್ತರೊಳಗೆ ಇರಬೇಕು. ಅದಕ್ಕೆ ಮೀಟರ್ ಕೊಂಡಿಲ್ಲ. ನೂರು ಗ್ರಾಂ ಪುಡಿಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಆಡಿಸಿ, ತೂಕ ಇಳಿಯುವುದು ನಿಂತಾಗ ಎಷ್ಟು ಕಮ್ಮಿ ಆಯ್ತು ನೋಡಿದರೆ ಮುಗಿಯಿತು. ಹಂಚು ಮನೆಯದಾಗಿದ್ದರೆ ಕೇಳಿಯೇ ತಗೊಳ್ಳಿ.

ತೇವ ಸರಿ ಇದ್ದರೂ ಗುಳ್ಳೆ ಬರುತ್ತಿತ್ತು. ಹಳೇ ಮನೆಗಳ ಕಪ್ಪು ಸ್ವಿಚ್ಚು ಇರುತ್ತಲ್ಲ, ಆ ಬೇಕ್‌ಲೈಟ್ ಅನ್ನುವ ಪ್ಲಾಸ್ಟಿಕ್ ಕಂಡುಹಿಡಿದ ಲಿಯೋ ಬೇಕ್‌ಲ್ಯಾಂಡ್‌ಗೂ 1907ರ ಸುಮಾರಿಗೆ ಇದೇ ಕಾಟ ಇತ್ತು. ಬೇರೆಯವರು ಗುಳ್ಳೆಗೆ ಹೆದರಿ ಬಿಸಿ ಕಡಿಮೆ ಮಾಡುತ್ತಿದ್ದರೆ, ಅವನು ಬಿಸಿ ಏರಿಸಿ ಒತ್ತಡದಲ್ಲಿ ಗುಳ್ಳೆಯನ್ನು ಅದುಮಿದ. ನಾನೂ ಬಿಸಿಯನ್ನು 175 ಡಿಗ್ರಿಯಿಂದ ಕೆಳಗೆ ಇಳಿಸಲಿಲ್ಲ. ಪ್ಲೇಟಿನೊಳಗೆ ನೀರಿನ ದಾರಿ ಕೊರೆಸಿ, ಒತ್ತಡ ಬಿಡದೆ ನೂರರ ಕೆಳಗೆ ತಣಿಸಿ ಆಮೇಲೆ ತೆಗೆದೆ. ಪ್ಲೇಟ್ ಕೊರೆಸಲು ಅರವತ್ತು ಸಾವಿರದ ಮೇಲಾಯ್ತು, ಮನೆಯವರ ಬಳೆ ಸೊಸೈಟಿಗೆ ಹೋಯ್ತು. ಆವತ್ತು ಬಂದ ಹಲಗೆಯನ್ನು ಕಲ್ಲಿನ ಮೇಲೆ ಎತ್ತಿ ಹಾಕಿದೆ. ಠಣ್ ಅಂತು, ಮುರಿಯಲಿಲ್ಲ.

ಬಿಸಿ ಒತ್ತಡದಲ್ಲಿ ಹದಿನೈದು ನಿಮಿಷ ಲೆಕ್ಕ. ನಾನು ಗಡಿಯಾರಕ್ಕಿಂತ ಮೂಗು ನಂಬುತ್ತೇನೆ. ಬೆಲ್ಲದ ಪಾಕ ತಳ ಹಿಡಿಯುವ ಮುಂಚೆ ಬರುವಂಥ ವಾಸನೆ ಬಂತು ಅಂದರೆ ಪ್ಲೇಟಿಗೆ ನೀರು ಬಿಡುವ ಹೊತ್ತು. ಹಲಗೆ ಪ್ಲೇಟಿಗೆ ಕಚ್ಚದಿರಲು ಏನು ಸವರುತ್ತೇನೆ, ಒತ್ತಡವನ್ನು ನಡುವೆ ಎಷ್ಟು ಸಲ ಸಡಿಲಿಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ಬಳೆ ಕೊಟ್ಟಿದ್ದೀನಿ.

ಮಧ್ಯೆ ಸುಮ್ನೆ ಕೂರಲಿಲ್ಲ. ಕ್ಯೂರಿಂಗ್ ವರ್ಕ್ಸ್‌ನಿಂದ ಕಾಫಿ ಹೊಟ್ಟು ತಂದು ಕಾಲು ಭಾಗ ಬೆರೆಸಿದೆ. ಹೊನ್ನಿನ ಚುಕ್ಕೆ ಬಿದ್ದ ಹಾಗೆ ಚೆಂದ ಬಂತು, ಆದರೆ ಮೂಲೆ ಬೇಗ ಮುರಿಯುತ್ತೆ. ಚಿಕ್ಕಮಗಳೂರಿನ ಹೋಂಸ್ಟೇಯವರೊಬ್ಬರು ಗೋಡೆಗೆ ಅಂತ ನಲವತ್ತೋ ಐವತ್ತೋ ತಗೊಂಡು ಹೋದರು. ತರೀಕೆರೆ ಕಡೆಯ ಅಡಿಕೆ ಸಿಪ್ಪೆಯಲ್ಲಿ ಹಲಗೆ ಮೆತ್ತಗೆ ಬಂತು. ಬೇಲಿ ಪಕ್ಕದ ಹುತ್ತದ ಹತ್ತಿರ ಅಡಿಕೆಯದು, ತೆಂಗಿನದು ಎರಡನ್ನೂ ಮಳೆಗಾಲ ಪೂರ್ತಿ ಇಟ್ಟಿದ್ದೆ. ಅಡಿಕೆಯದ್ದನ್ನು ಗೆದ್ದಲು ಮುಗಿಸಿತ್ತು, ತೆಂಗಿನದ್ದರ ಅಂಚು ಮಾತ್ರ ಕೆರೆದಿತ್ತು. ಹುಣಸೆ ಬೀಜದ ಪುಡಿಯನ್ನೂ ಬೆರೆಸಿ ನೋಡಿದೆ, ಬೂಸ್ಟು ಬಂತು, ಬಿಟ್ಟೆ.

ಒಂದಡಿ ಹಲಗೆಗೆ ಗಿರಾಕಿ ಸಿಕ್ಕಿದ್ದು ಹೋಟೆಲ್ ಸ್ಟೂಲಿನಿಂದ. ಹಾಸನದಲ್ಲಿ ಕಬ್ಬಿಣದ ಸ್ಟೂಲ್ ಬೆಸೆಯುವವರೊಬ್ಬರು ಕೂರುವ ಜಾಗಕ್ಕೆ ಪ್ಲೈವುಡ್ ಹಾಕುತ್ತಿದ್ದರು, ನೀರು ಬಿದ್ದು ಪದರ ಬಿಡುತ್ತಿತ್ತು. ಅದರ ಬದಲು ಒಂದೂಕಾಲು ಕೆ.ಜಿ. ತೂಗುವ ನನ್ನ ಹನ್ನೆರಡು ಎಂ.ಎಂ. ಹಲಗೆ ಕೊಟ್ಟೆ. "ಅಣ್ಣ, ಇದಕ್ಕೆ ಸ್ಕ್ರೂ ಹೋಗ್ತಾ ಇಲ್ಲ, ಡ್ರಿಲ್ ಮಾಡಬೇಕು" ಅಂತ ಅವರು ದೂರು ಹೇಳಿದರು. ನನಗೆ ಅದು ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು.

ಈಗಿನ ಲೆಕ್ಕ ಅಂದಾಜಿಗೆ ಹೇಳುತ್ತೇನೆ. ಒಂದು ಹಲಗೆಗೆ ಮಟ್ಟೆ ನಾಲ್ಕೈದು ರೂಪಾಯಿ, ಕರೆಂಟ್ ಹತ್ತು-ಹನ್ನೆರಡು, ಕೂಲಿ ಹದಿನೈದು, ಉಜ್ಜಿ ಪಾಲಿಶ್ ಹೊಡೆಯಲು ಎಂಟು. ಮಾರುವುದು ಎಪ್ಪತ್ತೈದಕ್ಕೆ. ಇಲ್ಲಿವರೆಗೆ ಹಾಕಿದ್ದು ಆರೂವರೆ ಲಕ್ಷದ ಹತ್ತಿರ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂದಿದೆ. ಬಳೆ ಬಿಡಿಸಿಕೊಂಡಾಯ್ತು. ಪ್ಲೇಟ್ ಹೆಚ್ಚಿಸಿ ಈಗ ಒಂದು ಸಲಕ್ಕೆ ಮೂರು ಹಲಗೆ ತೆಗೆಯುತ್ತಿದ್ದೇನೆ. ನೀರಲ್ಲಿ ದಿನಗಟ್ಟಲೆ ನೆನೆಸಿದರೆ ಇನ್ನೂ ಅಂಚು ಊದಿಕೊಳ್ಳುತ್ತೆ, ಹಾಗಾಗಿ ಬಚ್ಚಲಿಗೆ ಅಂತ ಕೇಳಿದವರಿಗೆ ಕೊಡುತ್ತಿಲ್ಲ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಸವರಿದ ಎರಡು ತುಂಡು ಸದ್ಯ ತೊಟ್ಟಿಯಲ್ಲಿ ಮುಳುಗಿವೆ. ಭಾವ ದಿನಾ ಬಂದು ಎತ್ತಿ ನೋಡಿ ಹೋಗುತ್ತಾರೆ.