ರೋಡ್ ಸ್ಟಡ್ ಕಿತ್ತುಹೋಗದಂತೆ ಕೂರಿಸುವುದು ಹೇಗೆ?

ಮಳೆಗಾಲದ ರಾತ್ರಿ ಶಿರಾಡಿ ಘಾಟಿಯಲ್ಲಿ ವಾಹನ ಓಡಿಸಿದವರಿಗೆ ರೋಡ್ ಸ್ಟಡ್‌ಗಳ, ಅಂದರೆ ರಸ್ತೆಗೆ ಅಂಟಿಸುವ ಬೆಳಕು ಮರಳಿಸುವ ಗುಬುಟುಗಳ, ಬೆಲೆ ಗೊತ್ತು. ರಸ್ತೆಯ ಮೇಲೆ ನೀರು ನಿಂತರೆ ಬಿಳಿ ಪಟ್ಟಿ ಮಂಕಾಗುತ್ತದೆ; ನೀರಿನಿಂದ ಮೇಲೆದ್ದಿರುವ ಸ್ಟಡ್ ಮಾತ್ರ ಹೆಡ್‌ಲೈಟ್ ಬೆಳಕನ್ನು ಚಾಲಕನತ್ತ ಮರಳಿಸುತ್ತದೆ. ಅದು ಬೇಗ ಕಿತ್ತುಹೋದರೆ ಸರಕು ಕಳಪೆ ಎನ್ನುತ್ತೇವೆ. ಬಹಳಷ್ಟು ಸಲ ತಪ್ಪಿರುವುದು ಅದರ ಅಡಿಯಲ್ಲಿ.

ಮೊದಲು ಜಾಗ ನೋಡಿ. ಕಾಂಕ್ರೀಟ್ ಹಾಸುಗಳು ಕೂಡುವ ಗೆರೆ, ಬಿರುಕು, ತೇಪೆಗಳ ಮೇಲೆ ಬೇಡ. ಬಣ್ಣದ ಪಟ್ಟಿಯ ಮೇಲೂ ಅಂಟಿಸಬೇಡಿ: ಅಂಟು ಬಣ್ಣವನ್ನು ಹಿಡಿಯುತ್ತದೆ, ಬಣ್ಣ ರಸ್ತೆಯನ್ನು ಬಿಡುತ್ತದೆ.

ಅರ್ಧ ಕೆಲಸ ಕೆಡುವುದು ಸ್ವಚ್ಛತೆಯಲ್ಲಿ. ಪೊರಕೆ ಸಾಲದು, ತಂತಿ ಬ್ರಷ್‌ನಿಂದ ಉಜ್ಜಿ, ಕಂಪ್ರೆಸರ್ ಗಾಳಿಯಿಂದ ದೂಳು ಹಾರಿಸಬೇಕು. ನೆಲ ಪೂರ್ತಿ ಒಣಗಿರಬೇಕು. ಹೊಸ ಕಾಂಕ್ರೀಟಿನ ಮೇಲೆ ಸಿಮೆಂಟ್ ಹಾಲಿನ ತೆಳು ಪೊರೆ ಇರುತ್ತದೆ, ಅದನ್ನು ಕೆರೆದು ತೆಗೆಯಿರಿ. ಕಿತ್ತುಬಿದ್ದ ಸ್ಟಡ್ ಸಿಕ್ಕರೆ ಮಗುಚಿ ನೋಡಿ. ಅಡಿಯ ಅಂಟಿಗೆ ಬೂದು ಪುಡಿ ಮೆತ್ತಿದ್ದರೆ ನೆಲ ಸ್ವಚ್ಛವಿರಲಿಲ್ಲ. ಅಂಟು ರಸ್ತೆಯಲ್ಲೇ ಉಳಿದು ತಳ ಬರಿದಾಗಿದ್ದರೆ, ಅಂಟು ಬಿಗಿಯತೊಡಗಿದ ಮೇಲೆ ಕೂರಿಸಿರಬಹುದು. ಡಾಂಬರಿನ ಚೂರೇ ಎದ್ದುಬಂದಿದ್ದರೆ ಅಂಟನ್ನು ದೂರಬೇಡಿ, ಸೋತಿದ್ದು ರಸ್ತೆ.

ಕಾಂಕ್ರೀಟಿಗೆ ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಎಪಾಕ್ಸಿ ಅಂಟು ಒಗ್ಗುತ್ತದೆ. ಆ ಭಾಗಗಳನ್ನು ತಯಾರಕರು ಹೇಳಿದ ಅಳತೆಯಲ್ಲಿ, ಗೆರೆ ಉಳಿಯದೆ ಒಂದೇ ಬಣ್ಣ ಬರುವ ತನಕ ಕಲಸಿ. ಬಿಸಿಲಿನಲ್ಲಿ ಬೇಗ ಗಟ್ಟಿಯಾಗುವುದರಿಂದ ಒಮ್ಮೆಗೆ ಸ್ವಲ್ಪವೇ ಸಾಕು. ಡಾಂಬರು ಬಿಸಿಗೆ ಮೆತ್ತಗಾಗುತ್ತದೆ. ಅದರೊಂದಿಗೆ ಬಾಗಬಲ್ಲ, ಕಾಯಿಸಿ ಸುರಿಯುವ ಬಿಟುಮಿನ್ ಅಂಟು ಅಲ್ಲಿಗೆ ಮೇಲು. ಹೊಸ ಡಾಂಬರಾದರೆ ಕೆಲ ಕಾಲ ವಾಹನ ಓಡಲಿ, ಆಮೇಲೆ ಅಂಟಿಸಿ.

ನಾಲ್ಕೂ ಅಂಚಿನಿಂದ ಅಂಟು ತುಸು ಹೊರಬರುವಂತೆ ಸ್ಟಡ್ ಒತ್ತಿ. ಅಡಿಯಲ್ಲಿ ಟೊಳ್ಳು ಉಳಿದರೆ ಲಾರಿ ಚಕ್ರಕ್ಕೆ ಸ್ಟಡ್ ಸೀಳುತ್ತದೆ. ಬೆಳಕು ಮರಳಿಸುವ ಲೆನ್ಸಿಗೆ ಅಂಟು ತಾಗಬಾರದು. ತಳದಲ್ಲಿ ನೆಲದೊಳಗೆ ಇಳಿಯುವ ಕಾಲುಳ್ಳ ಸ್ಟಡ್ ಆದರೆ ಕೊರೆದ ರಂಧ್ರದ ದೂಳನ್ನೂ ಊದಿ ತೆಗೆದು ಅಂಟು ತುಂಬಿ. ಗಟ್ಟಿಯಾಗುವ ತನಕ ಕೋನ್ ಇಟ್ಟು ವಾಹನ ತಡೆಯಿರಿ. ಅವಸರದ ಗುತ್ತಿಗೆದಾರರು ಹಾರಿಸುವುದು ಈ ಹಂತವನ್ನೇ.

ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ ಸ್ಟಡ್‌ನಲ್ಲಿ ಚಕ್ರ ಹತ್ತಿದಾಗ ರಬ್ಬರ್ ತಗ್ಗಿ ಗಾಜು ಒರೆಸಿಕೊಳ್ಳುತ್ತಿತ್ತು. ನಮ್ಮ ಪ್ಲಾಸ್ಟಿಕ್ ಸ್ಟಡ್‌ಗೆ ಆ ಗುಣವಿಲ್ಲ, ಮಣ್ಣು ಮೆತ್ತಿದರೆ ತೊಳೆಯಲೇಬೇಕು. ತಪಾಸಣೆಯನ್ನು ರಾತ್ರಿ, ಹೆಡ್‌ಲೈಟ್ ಬೆಳಕಿನಲ್ಲೇ ಮಾಡಿ. ಹಗಲಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಬದಲಿಸುವಾಗ ಹಳೆಯ ಅಂಟಿನ ಮೇಲೆ ಹೊಸದನ್ನು ಕೂರಿಸದೆ, ಅದನ್ನು ಉಳಿಯಿಂದ ಕೆತ್ತಿ ತೆಗೆಯಿರಿ, ಇಲ್ಲವೇ ಪಕ್ಕದ ಗಟ್ಟಿ ನೆಲ ಆರಿಸಿಕೊಳ್ಳಿ.