ಕೈಗೆ ಸಿಗದ ಗ್ರೀಸ್ ನಿಪ್ಪಲ್

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಪಿಕಪ್‌ನಲ್ಲಿ ಹೊಸ ಸದ್ದೊಂದು ಶುರುವಾಯಿತು. ನಿಧಾನ ಹೋಗುವಾಗ ತಳದಿಂದ ಹಕ್ಕಿಮರಿ ಕೂಗಿದ ಹಾಗೆ ಕೀಚ್ ಕೀಚ್. ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಒಂದು ‘ಟಣ್’. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಒಯ್ಯುವುದು, ಬರುವಾಗ ಗೊಬ್ಬರ, ಹಿಂಡಿ ತರುವುದು ಈ ಗಾಡಿಯ ಕೆಲಸ. ಮನೆ ದಾರಿಯಲ್ಲಿ ಒಂದು ಹಳ್ಳ ದಾಟಬೇಕು. ಮಳೆಗಾಲ ಪೂರ್ತಿ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ ತನಕ ಹೋಗುವ, ಚಕ್ರ ತಿರುಗಿಸುವ ದಂಡ) ನೀರಲ್ಲಿ ಮುಳುಗಿ ಏಳುತ್ತದೆ.

ಸರ್ವಿಸ್ ಮಾಡಿಸಿ ಜಾಸ್ತಿ ದಿನ ಆಗಿರಲಿಲ್ಲ. ಬಿಲ್ಲಿನಲ್ಲಿ ಗ್ರೀಸಿಂಗ್ ಅಂತ ದುಡ್ಡೂ ಹಾಕಿದ್ದರು. ಅಡಿಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಶಾಫ್ಟಿನ ಕೀಲುಗಳಲ್ಲಿ ಕ್ರಾಸ್ ಅನ್ನುವ, ಕೂಡುಗುರುತಿನ ಆಕಾರದ ತುಂಡು ಇರುತ್ತದೆ; ಅದರ ನಾಲ್ಕು ತುದಿಗೂ ಒಂದೊಂದು ಕಪ್ಪು, ಒಳಗೆ ಸೂಜಿ ಬೇರಿಂಗ್. ಹಿಂದಿನ ಆಕ್ಸಲ್ ಹೌಸಿಂಗ್ ಹತ್ತಿರದ ಕ್ರಾಸ್‌ನಲ್ಲಿ ಹೊಸ ಗ್ರೀಸ್ ಇತ್ತು. ಗೇರ್‌ಬಾಕ್ಸ್ ಪಕ್ಕದ ಕ್ರಾಸ್ ಪೂರ್ತಿ ಒಣಗಿತ್ತು. ಅದರ ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ. ಆ ಪುಡಿ ಕಂಡಿತೆಂದರೆ ಒಳಗೆ ನೀರು ಹೋಗಿದೆ, ಸೂಜಿ ಬೇರಿಂಗ್ ಸವೆಯುತ್ತಿದೆ ಅಂತಲೇ ಲೆಕ್ಕ. ಅಲ್ಲಿನ ನಿಪ್ಪಲ್ (ಗ್ರೀಸ್ ಒಳಗೆ ಬಿಡುವ ಸಣ್ಣ ತೊಟ್ಟು) ಮೇಲ್ಮುಖವಾಗಿ, ಯೋಕಿನ (ಕ್ರಾಸ್ ಹಿಡಿದಿರುವ ಕವೆಯ) ಸಂದಿಯಲ್ಲಿ ಅಡಗಿತ್ತು. ಕೈಗೆ ಸಿಗಲಿಲ್ಲ, ಬಿಟ್ಟಿದ್ದಾರೆ, ಅಷ್ಟೆ.

ಆ ಕ್ರಾಸ್ ಉಳಿಯಲಿಲ್ಲ. ಹೊಸದು ಹಾಕಿಸಬೇಕಾಯಿತು. ಅವತ್ತಿನಿಂದ ಗ್ರೀಸ್ ನಾನೇ ಹೊಡೆಯುತ್ತೇನೆ.

ನನ್ನ ಗಾಡಿಯ ಶಾಫ್ಟ್ ಎರಡು ತುಂಡು. ಮೂರು ಕ್ರಾಸ್, ನಡುವೆ ಒಳಗೆ ಹೊರಗೆ ಸರಿಯುವ ಒಂದು ಸ್ಲೈಡಿಂಗ್ ಜಾಯಿಂಟ್, ಒಟ್ಟು ನಾಲ್ಕು ನಿಪ್ಪಲ್. ಶಾಫ್ಟನ್ನು ನಡುವೆ ಹೊತ್ತಿರುವ ಸೆಂಟರ್ ಬೇರಿಂಗ್ ಸೀಲ್ ಆಗಿರುವುದರಿಂದ ಅದಕ್ಕೆ ಗ್ರೀಸ್ ಬೇಡ.

ಮೊದಲ ಸಲ ಗಟ್ಟಿ ಪೈಪಿನ ಗ್ರೀಸ್ ಗನ್ ಹಿಡಿದು ಅಡಿಗೆ ಹೋದೆ. ಗನ್ನಿನ ಮೂತಿ ದಪ್ಪ, ಸಂದಿ ಸಣ್ಣದು. ಓರೆಯಾಗಿ ಕೂರಿಸಿ ಒತ್ತಿದರೆ ಗ್ರೀಸೆಲ್ಲ ಮೂತಿಯ ಪಕ್ಕದಿಂದಲೇ ಆಚೆ ಬಂತು. ಅರ್ಧ ಗಂಟೆ ಒದ್ದಾಡಿದ್ದನ್ನು ನಮ್ಮೂರ ಮೆಕ್ಯಾನಿಕ್ ಅಣ್ಣನಿಗೆ ಹೇಳಿದೆ. “ನಿಪ್ಪಲ್ ಹುಡುಕ್ಕೊಂಡು ನೀನು ಹೋಗ್ಬೇಡ ಮಾರಾಯ. ಶಾಫ್ಟ್ ತಿರುಗಿಸು, ಅದೇ ನಿನ್ನ ಹತ್ರ ಬರುತ್ತೆ” ಅಂದರು. ಈ ಒಂದು ಮಾತು ಸಿಕ್ಕ ಮೇಲೆ ಕೆಲಸ ಸಲೀಸಾಯಿತು.

ಈಗ ಮಾಡುವುದು ಹೀಗೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ತುಂಡು ಕೊಡುತ್ತೇನೆ. ಹಿಂದಿನ ಎರಡೂ ಚಕ್ರ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡುತ್ತೇನೆ. ಬರೀ ಜಾಕಿ ನಂಬಿ ಅಡಿಗೆ ಹೋಗುವುದಿಲ್ಲ, ನೀವೂ ಹೋಗಬೇಡಿ. ಕೀ ಜೇಬಲ್ಲಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಆಗ ಶಾಫ್ಟನ್ನು ಕೈಯಲ್ಲೇ ತಿರುಗಿಸಬಹುದು. ಸ್ಟ್ಯಾಂಡ್ ಇಲ್ಲದವರು ಗಾಡಿಯನ್ನೇ ತುಸು ತಳ್ಳಬಹುದು. ನನ್ನದರಲ್ಲಿ ಗಾಡಿ ಅರ್ಧ ಮೀಟರ್ ಚಿಲ್ಲರೆ ಸರಿದರೆ ಶಾಫ್ಟ್ ಒಂದು ಸುತ್ತು ಬರುತ್ತದೆ. ತಳ್ಳುವಾಗ ಅಡಿಯಲ್ಲಿ ಯಾರೂ ಇರಬಾರದು. ತಳ್ಳಿ, ಚಕ್ರಕ್ಕೆ ತುಂಡು ಕೊಟ್ಟು, ಆಮೇಲೆ ಮಲಗಬೇಕು.

ಗನ್ನಿಗೆ ಒಂದಡಿ ಉದ್ದದ ಬಳುಕುವ ಹೋಸ್ ಹಾಕಿಸಿದ್ದೇನೆ. ಒಂದು ಕೈಯಲ್ಲಿ ಮೂತಿ ಹಿಡಿದು ಇನ್ನೊಂದರಲ್ಲಿ ಒತ್ತಬಹುದು. ಮೂತಿ ನಿಪ್ಪಲಿಗೆ ನೆಟ್ಟಗೆ ಕೂತು ‘ಟಕ್’ ಅನ್ನಬೇಕು. ಅದೂ ಹಿಡಿಸದ ಜಾಗಕ್ಕೆ ಸೂಜಿಯಂಥ ಮೂತಿ ಸಿಗುತ್ತದೆ. ಅದು ಕಚ್ಚಿಕೊಳ್ಳುವುದಿಲ್ಲ, ನಿಪ್ಪಲಿನ ತುದಿಯ ಗುಂಡಿಗೆ ಒತ್ತಿ ಹಿಡಿದೇ ಇರಬೇಕು. ಇಲ್ಲಿ ಜೋಪಾನ. ಕೈಗನ್ನಿನಲ್ಲೂ ಸಾವಿರಾರು ಪಿಎಸ್ಐ ಒತ್ತಡ ಬರುತ್ತದೆ. ಸೂಜಿ ಜಾರಿ ಬೆರಳಿಗೆ ಗ್ರೀಸ್ ನುಗ್ಗಿದರೆ ಹೊರಗೆ ಸಣ್ಣ ಚುಕ್ಕಿಯಷ್ಟೇ ಕಾಣುತ್ತದೆ, ನೋವೂ ಇರಲಿಕ್ಕಿಲ್ಲ. ಹಾಗಂತ ಸುಮ್ನೆ ಇರಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ತಡ ಮಾಡಿದರೆ ಬೆರಳೇ ಹೋಗಬಹುದು.

ಒತ್ತುವ ಮೊದಲು ನಿಪ್ಪಲ್ ಒರೆಸಬೇಕು. ಇಲ್ಲದಿದ್ದರೆ ಮರಳನ್ನು ನಾವೇ ಬೇರಿಂಗಿಗೆ ತುಂಬಿದ ಹಾಗೆ. ಆಮೇಲೆ ನಿಧಾನವಾಗಿ ಒತ್ತುತ್ತಾ ನಾಲ್ಕೂ ಕಪ್ಪುಗಳ ಸೀಲ್ ನೋಡಬೇಕು. ಮೊದಲು ಕಂದು ನೀರು, ಆಮೇಲೆ ಹಳೇ ಗ್ರೀಸ್, ಕೊನೆಗೆ ಹೊಸದು. ನಾಲ್ಕರಲ್ಲೂ ಹೊಸದು ಕಾಣಬೇಕು. ಮೂರರಲ್ಲಿ ಬಂದರೆ ಸಾಕು ಅಂತ ಬಿಟ್ಟರೆ ನಾಲ್ಕನೆಯದೇ ಕ್ರಾಸನ್ನು ತಿನ್ನುತ್ತದೆ. ಗ್ರೀಸ್ ಸುಲಭವಾಗಿ ಹೋಗುವ ಕಡೆಯೇ ಹೋಗುತ್ತದೆ ಅಲ್ವಾ? ಹಟ ಮಾಡುವ ಕಪ್ಪಿಗೆ ನಾನು ಲಿವರ್ ಕೊಟ್ಟು ಕ್ರಾಸನ್ನು ಆ ಕಪ್ಪಿನಿಂದ ಕೂದಲೆಳೆಯಷ್ಟು ಆಚೆ ಸರಿಸಿ ಹಿಡಿಯುತ್ತೇನೆ, ಶಾಫ್ಟನ್ನು ಹಿಂದೆ ಮುಂದೆ ಅಲುಗಿಸಿ ಮತ್ತೆ ಒತ್ತುತ್ತೇನೆ. ಹೆಚ್ಚು ಸಲ ಅಷ್ಟಕ್ಕೇ ಬರುತ್ತದೆ.

ಸ್ಲೈಡಿಂಗ್ ಜಾಯಿಂಟಿಗೆ ಅಷ್ಟು ಒತ್ತಬಾರದು. ಸೀಲಿನ ಅಂಚಿನಲ್ಲಿ ಗ್ರೀಸ್ ಇಣುಕಿದ ಕೂಡಲೇ ನಿಲ್ಲಿಸಬೇಕು. ಜಾಸ್ತಿ ತುಂಬಿದರೆ ಅದಕ್ಕೆ ಒಳಗೆ ಸರಿಯಲು ಜಾಗ ಇರುವುದಿಲ್ಲ, ಇಲ್ಲವೇ ತುದಿಯ ಮುಚ್ಚಳ ಎದ್ದು ಬರುತ್ತದೆ.

ಗ್ರೀಸೇ ಹೋಗದಿದ್ದರೆ ನಿಪ್ಪಲ್ ಕಟ್ಟಿದೆ ಅಂತ. ಬಿಚ್ಚಿ ಹೊಸದು ಹಾಕುವುದೇ ಒಳ್ಳೆಯದು, ಕೆಲವೇ ರೂಪಾಯಿ. ಆಗಲೇ ನೇರ ನಿಪ್ಪಲ್ ಬದಲು 45 ಡಿಗ್ರಿ ಬಾಗಿದ್ದು ಹಾಕಿದರೆ ಮುಂದಿನ ಸಲ ಕಷ್ಟವಿಲ್ಲ. ಹಳೆಯದನ್ನು ಅಂಗಡಿಗೆ ಒಯ್ದು ಥ್ರೆಡ್ ಹೋಲಿಸಿ ತನ್ನಿ. ಹಾಕಿದ ಮೇಲೆ ಶಾಫ್ಟ್ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲ ಅಂತ ನೋಡಿಕೊಳ್ಳಿ.

ನಾನು ಬಳಸುವುದು ನಂಬರ್ 2 ಲಿಥಿಯಂ ಇಪಿ (ಹೆಚ್ಚು ಒತ್ತಡ ತಡೆಯುವ) ಗ್ರೀಸ್. ಪ್ರತಿ ಸಲವೂ ಅದೇ. ಬೇರೆ ಜಾತಿಯದು ಬೆರೆತರೆ ಕೆಲವು ಸಲ ತೆಳ್ಳಗಾಗಿ ಹರಿದುಹೋಗುತ್ತದೆ. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಹೊಡೆಯುತ್ತೇನೆ, ಉಳಿದಂತೆ 5,000 ಕಿಲೋಮೀಟರಿಗೊಮ್ಮೆ.

ಹೊಸ ಕ್ರಾಸ್ ಹಾಕಿಸುವಾಗ ಪಕ್ಕದಲ್ಲೇ ನಿಂತಿದ್ದೆ. ನಿಪ್ಪಲ್ ಇರುವ ಕ್ರಾಸನ್ನೇ ಕೇಳಿ ತಂದಿದ್ದೆ. ಉಳಿದ ನಿಪ್ಪಲ್ಲುಗಳ ಸಾಲಿಗೇ ಇದೂ ಬರುವ ಹಾಗೆ ಕೂರಿಸಿಕೊಂಡೆ. ಆ ಸಾಲಿಗೆ ಶಾಫ್ಟಿನ ಮೇಲೆ ಬಿಳಿ ಪೇಂಟಿನ ಚುಕ್ಕಿ ಇಟ್ಟಿದ್ದೇನೆ. ಈಗ ಬಗ್ಗಿ ನೋಡಿ, ಚುಕ್ಕಿ ಕೆಳಗೆ ಬರುವಷ್ಟು ತಿರುಗಿಸಿದರೆ ನಾಲ್ಕೂ ನಿಪ್ಪಲ್ ನನ್ನ ಕಡೆಗೇ ಮುಖ ಮಾಡಿರುತ್ತವೆ.